ತಕ್ಕಡಿಗೆ ನಿಲುಕದ ಬೆಳವಣಿಗೆ

ಅಂಗನವಾಡಿಗೆ ಬರುವ ಮಗುವಿನ ತೂಕ, ಎತ್ತರ ಸರ್ಕಾರಕ್ಕೆ ಗೊತ್ತು. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ದಶಕಗಳ ಕಾಲ ಕಾಗದದಲ್ಲಿದ್ದ ಬೆಳವಣಿಗೆಯ ನಕ್ಷೆ 2021ರಲ್ಲಿ ‘ಪೋಷಣ್ ಟ್ರ್ಯಾಕರ್’ ಮೂಲಕ ಮೊಬೈಲಿಗೆ ಬಂದಿತು. ಆದರೆ ಅದೇ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆಯೇ, ಮಾತು ಜೋಡಿಸುತ್ತದೆಯೇ, ಓರಗೆಯವರೊಡನೆ ಬೆರೆಯುತ್ತದೆಯೇ ಎಂಬ ಸಂಗತಿಗಳಿಗೆ ತೂಕಕ್ಕಿರುವ ಮಹತ್ವ ಇನ್ನೂ ದಕ್ಕಿಲ್ಲ.

ನೀತಿಯ ಕೊರತೆಯೇನೂ ಇಲ್ಲ. ಎಳೆಯ ಮಕ್ಕಳನ್ನು ಪರೀಕ್ಷೆಯಿಂದಲ್ಲ, ಆಟದ ನಡುವಿನ ನಿರಂತರ ಅವಲೋಕನದಿಂದ ಅರಿಯಬೇಕೆಂಬುದು 2013ರ ರಾಷ್ಟ್ರೀಯ ನೀತಿಯಿಂದ 2024ರ ‘ಆಧಾರಶಿಲಾ’ ಪಠ್ಯಕ್ರಮದವರೆಗೆ ಒಪ್ಪಿತವಾದ ಮಾತು. ಕಷ್ಟವಿರುವುದು ಆ ಮಾತು ಘಟ್ಟದ ಮೇಲಿನ ಹಳ್ಳಿಯನ್ನು ತಲುಪಿದಾಗ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಎಲ್ಲ ಮಕ್ಕಳ ಮನೆಮಾತೂ ಪುಸ್ತಕದ ಕನ್ನಡವಲ್ಲ. ತೋಟದ ಮನೆಯಲ್ಲಿ ಹವ್ಯಕ ಕನ್ನಡ, ಯಲ್ಲಾಪುರದ ಕಾಡಂಚಿನ ಸಿದ್ದಿಯರಲ್ಲಿ ಕೊಂಕಣಿ ಬೆರೆತ ನುಡಿ, ಗೌಳಿಗರ ದಡ್ಡಿಯಲ್ಲಿ ಮರಾಠಿ. ಮೂರು ವರ್ಷದ ಗೌಳಿ ಮಗುವಿಗೆ ಚಿತ್ರ ತೋರಿಸಿ ಕನ್ನಡದಲ್ಲಿ ಹೆಸರು ಕೇಳಿದರೆ ಅದು ಸುಮ್ಮನಿರಬಹುದು. ಆ ಮೌನವನ್ನು ಮಂದಬುದ್ಧಿ ಎಂದು ಬರೆದರೆ ಅನ್ಯಾಯ. ‘ಭಾಷೆ ಬಾರದು, ಮುಂದೆ ಸರಿಹೋದೀತು’ ಎಂದು ಕೈಬಿಟ್ಟರೆ, ಕಿವಿ ಮಂದವಾಗಿರುವ ಮಗು ಒಂದನೇ ತರಗತಿಯವರೆಗೂ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಇದು ಇನ್ನೂ ದೊಡ್ಡ ಅನ್ಯಾಯ. ಎರಡನ್ನೂ ತಪ್ಪಿಸುವ ದಾರಿ, ಮನೆಯಲ್ಲಿ ಮಗು ಹೇಗಿದೆ ಎಂದು ತಾಯಿಯನ್ನು ಆಕೆಯ ನುಡಿಯಲ್ಲೇ ಕೇಳುವುದು. ಒಂದೇ ದಿನದ ತೀರ್ಪೂ ಸಲ್ಲದು. ಮಳೆಗಾಲದಲ್ಲಿ ಹಳ್ಳ ತುಂಬಿ ವಾರಗಟ್ಟಲೆ ಬಾರದಿದ್ದ ಮಗುವನ್ನು ದಿನವೂ ಬಂದ ಮಗುವಿನೊಡನೆ ಒಂದೇ ಅಳತೆಗೋಲಿನಲ್ಲಿ ಅಳೆಯಲಾಗದು.

ಅಂಕಗಳ ಮೇಲಿನ ಮೋಹವನ್ನೂ ಬಿಡಬೇಕು. ಅಮೆರಿಕದಲ್ಲಿ 1960ರ ದಶಕದ ಪೆರ್ರಿ ಶಿಶುಶಾಲೆಯ ಮಕ್ಕಳಲ್ಲಿ ಕಂಡ ಬುದ್ಧಿಸೂಚ್ಯಂಕದ ಏರಿಕೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೂ ದೊಡ್ಡವರಾದ ಮೇಲೆ ಅವರ ವಿದ್ಯೆ, ಗಳಿಕೆ ಇತರರಿಗಿಂತ ಮೇಲಿದ್ದವು. ಅಂಕವನ್ನೇ ನಂಬಿದ್ದರೆ ಆ ಶಾಲೆಯನ್ನು ಆಗಲೇ ಮುಚ್ಚಬೇಕಿತ್ತು! ನಮ್ಮಲ್ಲಿ ಅಂಗನವಾಡಿಗಳಿಗೆ ಅಂಕದ ಶ್ರೇಣಿ ಕೊಡಹೊರಟರೆ ಮಾರ್ಚ್ ಅಂತ್ಯಕ್ಕೆ ಪ್ರತಿ ಮಗುವೂ ನೂರಕ್ಕೆ ನೂರು ‘ಪ್ರಗತಿ’ ಸಾಧಿಸಿರುತ್ತದೆ. ಕೋಷ್ಟಕ ತುಂಬುವುದರಲ್ಲಿ ಇಲಾಖೆಗಳ ನೈಪುಣ್ಯವನ್ನು ಸೇವಾವಧಿಯುದ್ದಕ್ಕೂ ಕಂಡವನು ನಾನು.

ಕೊರತೆ ಪತ್ತೆಯಾದರೆ ಮುಂದೇನು? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 2013ರಿಂದ ವೈದ್ಯರ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡಬೇಕು. ಬೆಳವಣಿಗೆಯ ವಿಳಂಬವೂ ಅದರ ವ್ಯಾಪ್ತಿಯಲ್ಲಿದೆ. ಹೆಚ್ಚಿನ ಚಿಕಿತ್ಸೆಯ ವ್ಯವಸ್ಥೆ ಜಿಲ್ಲಾ ಮಟ್ಟದ್ದು. ಸಿದ್ದಾಪುರದಿಂದ ಕಾರವಾರ ನೂರು ಕಿಲೋಮೀಟರಿಗೂ ದೂರ. ಮಾತಿನ ತರಬೇತಿ ಒಂದು ದಿನದಲ್ಲಿ ಮುಗಿಯುವುದಲ್ಲ. ಕೂಲಿ ಬಿಟ್ಟು, ಬಸ್ಸಿನ ಖರ್ಚು ಹೊತ್ತು ತಾಯಿ ಎಷ್ಟು ಸಲ ಘಟ್ಟ ಇಳಿದಾಳು? ಚಿಕಿತ್ಸೆಯಿಲ್ಲದ ಪತ್ತೆ ಆಕೆಗೆ ಚಿಂತೆಯನ್ನಷ್ಟೇ ಕೊಡುತ್ತದೆ. ಈ ಮೂರು ತಾಲ್ಲೂಕುಗಳ ಮಕ್ಕಳಿಗಾಗಿ ಶಿರಸಿಯಲ್ಲೇ ನಿಗದಿತ ದಿನಗಳಂದು ಶ್ರವಣ ಮತ್ತು ವಾಕ್ ತಜ್ಞರು ದೊರೆಯುವುದು ಖಾತರಿಯಾಗಬೇಕು. ತಾಯಿ-ಮಗುವಿನ ಬಸ್ ವೆಚ್ಚವನ್ನು ಸರ್ಕಾರ ಭರಿಸಬೇಕು.

ಕಾರ್ಯಕರ್ತೆಗೆ ಬೇಕಿರುವುದು ಸಮಯ. ಅಡುಗೆ, ಆಹಾರ ವಿತರಣೆ, ಸಮೀಕ್ಷೆ, ದಾಖಲಾತಿಗಳ ನಡುವೆ ಆಕೆ ಮಕ್ಕಳ ಆಟ ನೋಡುತ್ತ ಕೂರುವುದೆಂದು? ಅವಲೋಕನದ ಹೊಸ ಪುಸ್ತಕ ಕೊಡುವ ಮೊದಲು ಇಲಾಖೆ ಹಳೆಯ ಯಾವ ದಾಖಲೆಗಳನ್ನು ಕೈಬಿಡುತ್ತದೆ ಎಂಬುದನ್ನು ತಿಳಿಸಲಿ.