ಸಿಂಕಿಗೆ ಸುರಿದದ್ದು ಎಲ್ಲಿಗೆ ಹೋಗುತ್ತದೆ?

ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕೊಲ್ಲಬೇಕಾಗಿದ್ದದ್ದು ಗೇರಿನ ಚಿಗುರಿನ ರಸ ಹೀರುವ ಕೀಟವನ್ನು. ಆದರೆ ವಿಷ ತೋಟದ ಬೇಲಿಯೊಳಗೆ ನಿಲ್ಲಲಿಲ್ಲ. ಗಾಳಿಯಲ್ಲಿ ತೇಲಿ ಮನೆಯಂಗಳಕ್ಕೆ ಇಳಿಯಿತು. ಮಣ್ಣಿಗೆ ಅಂಟಿದ್ದು ಮಳೆಗೆ ಕೊಚ್ಚಿಹೋಗಿ ತೋಡು ಸೇರಿತು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಯಿಸುತ್ತವೆ. ಅದೂ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆವಿಯಾಗಿ ಗಾಳಿಯಲ್ಲಿ ಸಾಗುವ ಈ ಕೀಟನಾಶಕ, ಯಾವ ತೋಟವೂ ಇಲ್ಲದ ಆರ್ಕ್ಟಿಕ್‌ನಲ್ಲೂ ಪತ್ತೆಯಾಗಿದೆ.

ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಜನರೂ ಇದೇ ಸಂಕಟ ಉಂಡವರು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಡೆಯಿತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಅಷ್ಟರಲ್ಲಿ ಒಂದು ತಲೆಮಾರು ಹಾಸಿಗೆ ಹಿಡಿದಿತ್ತು.

ಇದನ್ನು ಬೇರೆಯವರ ತಪ್ಪೆಂದು ಓದಿ ಮುಗಿಸಿದರೆ ಸಾಲದು. ನಮ್ಮ ಕೆಮಿಸ್ಟ್ರಿ ಲ್ಯಾಬನ್ನೇ ನೋಡೋಣ. ಸಾಲ್ಟ್ ಅನಾಲಿಸಿಸ್‌ನಲ್ಲಿ ಸೀಸದ ಲವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಹಾಕುತ್ತೇವೆ, ಹಳದಿ ಬಣ್ಣ ಬಂದರೆ ಖುಷಿಯಿಂದ ರೆಕಾರ್ಡ್ ಬರೆಯುತ್ತೇವೆ, ಟೆಸ್ಟ್ ಟ್ಯೂಬನ್ನು ಸಿಂಕಿಗೆ ಸುರಿಯುತ್ತೇವೆ.

"ಇಷ್ಟು ಸ್ವಲ್ಪಕ್ಕೆ ಏನಾಗುತ್ತದೆ?" ಎಂದು ಕೇಳಬಹುದು. ಒಂದು ಟ್ಯೂಬಿನಿಂದ ಏನೂ ಆಗದಿರಬಹುದು. ಆದರೆ ಸೀಸ ಒಂದು ಧಾತು, ಕೊಳೆತು ಇಲ್ಲವಾಗುವುದಿಲ್ಲ. ಪ್ರತಿ ಬ್ಯಾಚು, ಪ್ರತಿ ವರ್ಷ ಸುರಿದದ್ದು ಸೇರುತ್ತಲೇ ಹೋಗುತ್ತದೆ. ಸೀಸ ಸಾಮಾನ್ಯವಾಗಿ ಮಣ್ಣಿಗೆ ಅಂಟಿಕೊಂಡಿರುತ್ತದೆ, ನಿಜ. ಆದರೆ ಆಮ್ಲ ತಾಗಿದರೆ ಮತ್ತೆ ಕರಗಿ ಮುಂದೆ ಸಾಗುತ್ತದೆ. ಆಮ್ಲವನ್ನೂ ನಾವು ಅದೇ ಸಿಂಕಿಗೇ ಸುರಿಯುತ್ತೇವಲ್ಲ!

ನೀರಿನ ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ಎಂದು ವುಝೂವಿಗೆ ಮುನ್ನ ನೋಡಬೇಕೆಂದು ನಮ್ಮಲ್ಲಿ ಹಲವರು ಮದ್ರಸದಲ್ಲೇ ಕಲಿತಿದ್ದೇವೆ. ಕರಗಿದ ಸೀಸ ಈ ಮೂರನ್ನೂ ಬದಲಿಸದೆ ಬಾವಿಯಲ್ಲಿರಬಹುದು. ಜನರು ಬಳಸುವ ನೀರನ್ನು ಕೆಡಿಸಬಾರದೆಂಬುದು ಪ್ರವಾದಿ(ಸ)ರ ಬೋಧನೆ. ಕಣ್ಣಿಗೆ ಕಾಣದ ಕೊಳೆಗೂ ಅದು ಅನ್ವಯಿಸಬೇಡವೇ?

ಪರಿಹಾರ ದುಬಾರಿಯಲ್ಲ. ಟೆಸ್ಟ್ ಟ್ಯೂಬ್ ತುಂಬ ಹಾಕುವ ಬದಲು ಕೆಲವೇ ಹನಿಗಳಲ್ಲಿ ಪರೀಕ್ಷೆ ಮಾಡೋಣ. ಸೀಸ, ತಾಮ್ರದಂಥ ಲೋಹಗಳ ದ್ರಾವಣಕ್ಕೆ ಲೇಬಲ್ ಹಚ್ಚಿದ, ಮುಚ್ಚಳವಿರುವ ಕ್ಯಾನ್ ಇಡೋಣ. ತುಂಬಿದ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ವಿಲೇವಾರಿ ಘಟಕಕ್ಕೆ ಕಾಲೇಜು ಒಪ್ಪಿಸಲಿ. ಈ ಪ್ರಾಕ್ಟಿಕಲ್ ಸೀಸನ್‌ಗೆ ಮುಂಚೆಯೇ ಆ ಕ್ಯಾನ್ ಬರಲಿ ಎಂಬುದು ಪ್ರಾಂಶುಪಾಲರಲ್ಲಿ, ಕೆಮಿಸ್ಟ್ರಿ ಉಪನ್ಯಾಸಕರಲ್ಲಿ ನಮ್ಮ ವಿನಂತಿ.