ಕಮಿಷನ್ ಇಲ್ಲ ಸರಿ, ಮಾಲಕರು ಯಾರು?

2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆಟೊ ಚಾಲಕರ ಯೂನಿಯನ್ ಜೊತೆಗೂಡಿ 'ನಮ್ಮ ಯಾತ್ರಿ' ಆ್ಯಪ್ ಬಂತು. ಕಮಿಷನ್ ಇಲ್ಲ. 2023ರಿಂದ ದಿನಕ್ಕೆ 25 ರೂಪಾಯಿ ಕಟ್ಟಿದರೆ ಬಾಡಿಗೆ ಪೂರ್ತಿ ಚಾಲಕನಿಗೇ. ಒಳ್ಳೆಯ ಕೆಲಸವೇ. ಆದರೆ 2024ರಲ್ಲಿ ಗೂಗಲ್ ಸಹಿತ ಹೂಡಿಕೆದಾರರಿಂದ ಅದಕ್ಕೆ 1.1 ಕೋಟಿ ಡಾಲರ್ ಬಂಡವಾಳ ಬಂತು. ನಾಳೆ ಆ 25 ರೂಪಾಯಿಯನ್ನು 50 ಮಾಡಬೇಕೇ ಎಂಬ ಪ್ರಶ್ನೆ ಬಂದರೆ ಓಟು ಯಾರದ್ದು? ಬಂಡವಾಳ ಹಾಕಿದವರದ್ದು.

2025ರ ಜೂನ್‌ನಲ್ಲಿ ನೋಂದಣಿಯಾದ 'ಭಾರತ್ ಟ್ಯಾಕ್ಸಿ'ಯ ಸಹಕಾರ ಸಂಘ ಒಂದು ಹೆಜ್ಜೆ ಮುಂದೆ. ಚಾಲಕರು ಷೇರು ಪಡೆದು ಸದಸ್ಯರಾಗಬಹುದು. ಆದರೂ ಅದನ್ನು ಕಟ್ಟಿದ್ದು ಅಮುಲ್, ಇಫ್ಕೊ, ನಬಾರ್ಡ್‌ನಂತಹ ದೊಡ್ಡ ಸಂಸ್ಥೆಗಳು.

ದುಡಿಯುವವರೇ ಕಟ್ಟಿದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಬೀಡಿ ಕಾರ್ಮಿಕರ ಹೊಸ ಕಾನೂನು ಕೇರಳದಲ್ಲಿ ಜಾರಿಯಾದಾಗ, 1968ರಲ್ಲಿ ಮಂಗಳೂರಿನ ಗಣೇಶ್ ಬೀಡಿ ಕಣ್ಣೂರಿನ ಕೆಲಸ ನಿಲ್ಲಿಸಿತು. ಸುಮಾರು 12 ಸಾವಿರ ಮಂದಿಯ ಕೆಲಸ ಹೋಯಿತು. ಮರುವರ್ಷವೇ ಸರಕಾರದ ನೆರವು ಪಡೆದು ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಒಂದು ಕಾಲಕ್ಕೆ ಅಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ದುಡಿದರು. ಬೀಡಿಗೆ ಬೇಡಿಕೆ ಕುಸಿದಾಗ ಆಹಾರ ಪದಾರ್ಥ, ಕೊಡೆಗಳಿಗೂ ಕೈ ಹಾಕಿದರು.

ಆ್ಯಪ್‌ ಕಾಲದಲ್ಲಿ, ಸಣ್ಣ ಊರುಗಳಲ್ಲಿ ಇದು ನಡೆಯುತ್ತದಾ? ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರಗಳನ್ನೇ ನೋಡಿ. ನಿಲಂಗಾ, ಉದಗೀರ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಗಡಿ ಬಂದರೂ ಎರಡೂ ಕಡೆಯ ಜನರ ಓಡಾಟ ನಿಂತಿಲ್ಲ. ತಲಪಾಡಿ ದಾಟಿ ಮಂಜೇಶ್ವರಕ್ಕೆ ಹೋಗುವ ನಮಗೆ ಇದನ್ನು ವಿವರಿಸಬೇಕಿಲ್ಲ. ಇಂತಲ್ಲಿ ಎರಡೂ ರಾಜ್ಯದ ಚಾಲಕರು ಒಂದೇ ಸಂಘ ಕಟ್ಟಬೇಕಾದರೆ 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆ ಬೇಕು. ಪ್ರತಿ ರಾಜ್ಯದಿಂದ ಕನಿಷ್ಠ 50 ಮಂದಿ ಸಹಿ ಹಾಕಬೇಕು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ನಿವ್ವಳ ಲಾಭದ ಶೇ. 25 ಮೀಸಲು ನಿಧಿಗೆ ಹೋಗಬೇಕು. ಆದರೆ ಸಂಘ ಒಂದಾದರೂ ಆಟೊ ಪರ್ಮಿಟ್‌ಗೆ ಗಡಿ ಇದ್ದೇ ಇರುತ್ತದೆ, ಅದು ನೆನಪಿರಲಿ.

ಈಗ ವ್ಯಾಪಾರಿಯ ಲೆಕ್ಕ. 100 ಸದಸ್ಯರು ತಲಾ ಸಾವಿರ ರೂಪಾಯಿ ಷೇರು ಹಾಕಿದರೆ ಒಂದು ಲಕ್ಷ. ದಿನಕ್ಕೆ 25ರಂತೆ ತಿಂಗಳಲ್ಲಿ 26 ದಿನ ಕಟ್ಟಿದರೆ 65 ಸಾವಿರ. ಫೋನ್ ಎತ್ತುವವರ ಸಂಬಳ, ಸರ್ವರ್, ಆಡಿಟ್ ಎಲ್ಲ ಇದರಲ್ಲೇ ಆಗಬೇಕು. ಕೈ ಬಿಗಿ ಹಿಡಿದರೆ ನಡೆಯಬಹುದು. ಆದರೆ ಬಾಡಿಗೆಯೇ ಸಿಗದಿದ್ದರೆ ಸದಸ್ಯ 25 ರೂಪಾಯಿ ಯಾಕೆ ಕೊಡ್ತಾನೆ? ದೊಡ್ಡ ಕಂಪೆನಿಗಳು ಗಿರಾಕಿಗೆ ಡಿಸ್ಕೌಂಟ್ ಕೊಟ್ಟು ವರ್ಷಗಟ್ಟಲೆ ನಷ್ಟ ತಡೆದುಕೊಳ್ಳುತ್ತವೆ. ಸಂಘಕ್ಕೆ ಆ ತಾಕತ್ತು ಇಲ್ಲ.

ಹಾಗಾಗಿ ಆ್ಯಪ್ ಮೊದಲಲ್ಲ, ಗಿರಾಕಿ ಮೊದಲು. ಶಾಲೆ, ಆಸ್ಪತ್ರೆ, ಮಂಡಿ ವರ್ತಕರ ಜೊತೆ ತಿಂಗಳ ಬಾಡಿಗೆ ಮಾತಾಡಿಕೊಳ್ಳಿ. ಫೋನ್, ವಾಟ್ಸ್‌ಆ್ಯಪ್‌ನಲ್ಲೇ ಆರು ತಿಂಗಳು ನಡೆಸಿ ನೋಡಿ. ಲೆಕ್ಕಪುಸ್ತಕ ಎಲ್ಲ ಸದಸ್ಯರಿಗೂ ತೆರೆದಿರಲಿ. ಸಹಕಾರ ಸಂಘಗಳು ಮುಳುಗುವುದು ಹೆಚ್ಚಾಗಿ ಲೆಕ್ಕ ಮುಚ್ಚಿಟ್ಟಾಗ.

ಕರ್ನಾಟಕ, ಕೇರಳದ ಅಡಿಕೆ ಬೆಳೆಗಾರರಿಗಾಗಿ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲೇ ಹುಟ್ಟಿತು. ಗಡಿ ದಾಟಿ ಸಂಘ ಕಟ್ಟುವುದು ನಮ್ಮ ಕರಾವಳಿಗೆ ಹೊಸ ವಿದ್ಯೆಯಲ್ಲ. ಕೋಡಿಂಗ್ ಕಲಿತ, ಬಿಕಾಂ ಮುಗಿಸಿದ ನಮ್ಮ ಹುಡುಗರು ಹುಡುಗಿಯರು ರಿಕ್ಷಾ ಸ್ಟ್ಯಾಂಡಿಗೆ ಹೋಗಿ ಒಮ್ಮೆ ಈ ಲೆಕ್ಕ ಹಾಕಿಕೊಡಲಿ.