ಗೋಡೆಗಿಳಿದ ನೀರಿಗೆ ಹೊಣೆ ಯಾರು?

ಮಳೆಗಾಲ ಮುಗಿಯುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳ ಹೊರಗೋಡೆಗಳಲ್ಲಿ ಪಾಚಿ, ಬಿರುಕು ಮತ್ತು ಉಬ್ಬಿ ಉದುರುವ ಬಣ್ಣ ಕಾಣಿಸಿಕೊಳ್ಳುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆ ತೀರ್ಥಹಳ್ಳಿ ತಾಲೂಕಿನಲ್ಲಿದೆ. ಭಾರೀ ಮಳೆಗೆ ಹೆಸರಾದ ಹುಲಿಕಲ್ ಹೊಸನಗರ ತಾಲೂಕಿನಲ್ಲಿದೆ. ಇಂತಹ ನಾಡಿನಲ್ಲಿ ಗೋಡೆಯ ದುರಸ್ತಿ ಅಲಂಕಾರದ ವಿಷಯವಲ್ಲ. ಒದ್ದೆ ಗೋಡೆಯ ಬೂಷ್ಟು ಮಕ್ಕಳ ಮತ್ತು ವೃದ್ಧರ ಉಸಿರಾಟಕ್ಕೆ ಕುತ್ತು ತರುತ್ತದೆ. ನೆನೆದು ಸಡಿಲಗೊಂಡ ಮಣ್ಣಿನ ಗೋಡೆ ಜೀವವನ್ನೇ ಬಲಿ ಪಡೆಯಬಹುದು.

ಹಿಂದಿನವರು ಸೂರನ್ನು ಗೋಡೆಯಿಂದ ಬಹಳಷ್ಟು ಮುಂದಕ್ಕೆ ಚಾಚುತ್ತಿದ್ದರು. ಮಳೆಗಾಲಕ್ಕೆ ಮೊದಲು ಅಡಿಕೆ ಸೋಗೆಯ ತಟ್ಟಿ ಕಟ್ಟಿ ಎರಚಲನ್ನು ತಡೆಯುತ್ತಿದ್ದರು. ಇಂದಿನ ತಾರಸಿ ಮನೆಗಳಿಗೆ ಆ ಸೂರೂ ಇಲ್ಲ, ತಟ್ಟಿಯೂ ಇಲ್ಲ. ಆ ಜಾಗವನ್ನು ವಾಟರ್‌ಪ್ರೂಫಿಂಗ್ ಆಕ್ರಮಿಸಿದೆ. ಕೊಲ್ಲಿಯಲ್ಲಿ ದುಡಿಯುವ ಮಗ ಕಳುಹಿಸಿದ ಹಣವೋ ಚೀಟಿ ಎತ್ತಿದ ಹಣವೋ ಅದಕ್ಕೆ ಸುರಿಯಲ್ಪಡುತ್ತದೆ. ಮುಂದಿನ ಮಳೆಗೆ ಗೋಡೆ ಮತ್ತೆ ಒಸರಿದರೆ ಕೇಳುವುದು ಯಾರನ್ನು?

ಮನೆಯ ವಿದ್ಯುತ್ ಕೆಲಸಕ್ಕೆ ಪರವಾನಗಿ ಪಡೆದ ಗುತ್ತಿಗೆದಾರರೇ ಬೇಕೆಂಬ ನಿಯಮವಿದೆ. ಆದರೆ ಖಾಸಗಿ ಮನೆಯ ಗೋಡೆಗೆ ಗಾರೆ ಮೆತ್ತುವವರಿಗೆ, ಬಣ್ಣ ಬಳಿಯುವವರಿಗೆ ಅಂತಹ ಯಾವ ಪರವಾನಗಿಯೂ ಇಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿಯು ಕಾರ್ಮಿಕನ ಸವಲತ್ತಿಗಾಗಿ ಇದೆಯೇ ಹೊರತು ಅದು ಕೌಶಲದ ಪ್ರಮಾಣಪತ್ರವಲ್ಲ. 2016ರ ರೇರಾ ಕಾನೂನು, ಮನೆ ಹಸ್ತಾಂತರಗೊಂಡ 5 ವರ್ಷಗಳೊಳಗೆ ಕಂಡುಬರುವ ದೋಷಗಳನ್ನು ನಿರ್ಮಾಪಕರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕೆಂದು ವಿಧಿಸುತ್ತದೆ. ಆದರೆ ಅದು ಮಾರಾಟದ ಬಡಾವಣೆ ಮತ್ತು ಫ್ಲ್ಯಾಟುಗಳಿಗೆ ಸಂಬಂಧಿಸಿದ್ದು. ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸಿದವರಿಗೆ ಅದರ ಆಸರೆಯಿಲ್ಲ. ಫ್ರಾನ್ಸಿನಲ್ಲಿ 1978ರ ಕಾನೂನಿನಂತೆ ಕಟ್ಟಡದ ಗಂಭೀರ ದೋಷಗಳಿಗೆ ಕಟ್ಟಿದವರು 10 ವರ್ಷ ಹೊಣೆಗಾರರು, ಅದಕ್ಕೆ ವಿಮೆಯೂ ಕಡ್ಡಾಯ.

ಇನ್ನು ಬಣ್ಣದ ಡಬ್ಬಿಯ ಮೇಲಿನ ವಾರಂಟಿ. ದೊಡ್ಡ ಅಕ್ಷರದಲ್ಲಿ ವರ್ಷಗಳ ಲೆಕ್ಕವಿರುತ್ತದೆ, ಷರತ್ತುಗಳು ಸಣ್ಣ ಅಕ್ಷರದಲ್ಲಿರುತ್ತವೆ. ಗೋಡೆ ಪೂರ್ತಿ ಒಣಗಿರಬೇಕು, ಬಿರುಕುಗಳನ್ನು ಮೊದಲೇ ತುಂಬಿರಬೇಕು, ಸೂಚಿಸಿದಷ್ಟು ಕೋಟ್ ಬಳಿದಿರಬೇಕು, ಬಿಲ್ಲು ಕೈಯಲ್ಲಿರಬೇಕು. ಪಾಯದಿಂದ ಮೇಲೇರುವ ತೇವವೂ ಗೋಡೆಯೊಳಗಿನ ಪೈಪಿನ ಸೋರಿಕೆಯೂ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಎಷ್ಟೋ ವಾರಂಟಿಗಳಲ್ಲಿ ಸಿಗುವುದು ಬದಲಿ ಬಣ್ಣ ಮಾತ್ರ, ಕೂಲಿಯಲ್ಲ. ನೀರು ಒಳನುಗ್ಗುವ ದಾರಿಯನ್ನು ಮುಚ್ಚದೆ ಒದ್ದೆ ಗೋಡೆಗೆ ಬಣ್ಣ ಬಳಿದರೆ ತೇವ ಒಳಗೇ ಉಳಿದು ಬಣ್ಣವನ್ನು ಹೊರದೂಡುತ್ತದೆ. ಆಗ ಕಂಪೆನಿ ಮೇಸ್ತ್ರಿಯನ್ನೂ ಮೇಸ್ತ್ರಿ ಕಂಪೆನಿಯನ್ನೂ ತೋರಿಸುತ್ತಾರೆ.

ಹಾಗೆಂದು ಮನೆಯವರು ಸಂಪೂರ್ಣ ನಿಸ್ಸಹಾಯಕರಲ್ಲ. ವಸತಿ ನಿರ್ಮಾಣವೂ ಗ್ರಾಹಕ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಎತ್ತಿಹಿಡಿದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 1915 ಸಂಖ್ಯೆಯ ಸಹಾಯವಾಣಿಯೂ ಇದೆ. ಆದರೆ ವೈಯಕ್ತಿಕ ಸೇವೆಯ ಒಪ್ಪಂದವನ್ನು ಈ ಕಾಯ್ದೆ ಹೊರಗಿರಿಸಿದೆ. ಆದ್ದರಿಂದ ನಮ್ಮದೇ ನಿರ್ದೇಶನದಲ್ಲಿ ದಿನಗೂಲಿಗೆ ದುಡಿದವನಿಗೂ ಕೆಲಸವನ್ನು ಗುತ್ತಿಗೆ ಹಿಡಿದವನಿಗೂ ವ್ಯತ್ಯಾಸವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಬರಹದಲ್ಲಿ ಏನೂ ಇಲ್ಲದಿದ್ದರೆ ಆಯೋಗದ ಮುಂದೆ ಇಡಲು ಪುರಾವೆ ಎಲ್ಲಿಂದ ಬರಬೇಕು?

ಪರವಾನಗಿ ಕಡ್ಡಾಯವಾದರೆ ಬಡ ಮೇಸ್ತ್ರಿಗಳ ಅನ್ನಕ್ಕೆ ಕಲ್ಲು ಬೀಳುತ್ತದೆಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ನಮ್ಮ ಮೊಹಲ್ಲಾಗಳಲ್ಲಿಯೂ ಗಾರೆ, ಬಣ್ಣದ ಕೆಲಸವನ್ನೇ ನಂಬಿದ ಕುಟುಂಬಗಳಿವೆ. ಕಚೇರಿಯಿಂದ ಕಚೇರಿಗೆ ಅಲೆಸುವ, ಲಂಚಕ್ಕೆ ಬಾಗಿಲು ತೆರೆಯುವ ಪರವಾನಗಿ ಯಾರಿಗೂ ಬೇಡ. ಬದಲಾಗಿ ಅನುಭವಿ ಕೆಲಸಗಾರರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಸರಕಾರಿ ಯೋಜನೆಯನ್ನು ತಾಲೂಕು ಕೇಂದ್ರಗಳಿಗೆ ತರಲಿ. ಪ್ರಮಾಣಿತರ ಪಟ್ಟಿಯನ್ನು ಸಾಗರ ನಗರಸಭೆ ಮತ್ತು ಉಳಿದ ಸ್ಥಳೀಯ ಸಂಸ್ಥೆಗಳು ಪ್ರಕಟಿಸಲಿ. ಇದರಿಂದ ಬಲ್ಲ ಮೇಸ್ತ್ರಿಗೆ ಮನ್ನಣೆ ದೊರೆಯುತ್ತದೆ, ಅರೆಬೆಂದವನಿಗೆ ಕಲಿಯುವ ಅವಕಾಶ ಸಿಗುತ್ತದೆ.

ಅದು ಕೈಗೂಡುವವರೆಗೆ ನಾವು ಕಾದು ಕೂರಬೇಕಿಲ್ಲ. ಕೆಲಸವನ್ನು ಗೋಡೆ ಒಣಗಿರುವ ಬೇಸಗೆಯಲ್ಲಿ ಮಾಡಿಸೋಣ. ತೇವದ ಮೂಲವನ್ನು ಮೊದಲು ಪತ್ತೆಹಚ್ಚೋಣ. ಯಾವ ಗೋಡೆ, ಯಾವ ಸಾಮಗ್ರಿ, ಎಷ್ಟು ಹಣ, ಎಷ್ಟು ಮಳೆಗಾಲದವರೆಗೆ ಯಾರ ಖರ್ಚಿನಲ್ಲಿ ದುರಸ್ತಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕೋಣ. ಕೆಲಸಕ್ಕೆ ಮುಂಚಿನ ಮತ್ತು ನಂತರದ ಚಿತ್ರಗಳನ್ನು ತೆಗೆದಿಡೋಣ. ಹಣದ ಒಂದು ಪಾಲನ್ನು ಮೊದಲ ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಮೊದಲೇ ಒಪ್ಪಿಕೊಂಡರೆ, ಮಾತಿನಂತೆ ಅದನ್ನು ಕೊಟ್ಟೂ ಬಿಡೋಣ. ಪರಿಚಿತರ ನಡುವೆ ಬರವಣಿಗೆಯೇಕೆ ಎಂಬ ಸಂಕೋಚ ಸಲ್ಲದು. ನಾಳೆ ಮುರಿಯಬಹುದಾದ ನೆರೆಹೊರೆಯ ಸಂಬಂಧವನ್ನು ಉಳಿಸುವುದು ಅದೇ ಬರಹ.